ಭಟ್ಕಳದ ಎಸೆತಕ್ಕೆ ಕುಮಟೆಯ ತಡೆ

ಆಟ ಕಲಿಸುವವರ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಊರಿಗೇ ಗೊತ್ತಿಲ್ಲದ ಆಟ ಕಲಿಸಹೊರಟರಂತೂ ವಾರಕ್ಕೊಂದು ಖಾತ್ರಿ.

ನಾನು ಕುಮಟೆಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ. ನಮ್ಮ ಹುಡುಗಿಯರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತೇನೆ. ಮೈಮೇಲೆ ಬಿದ್ದು ಕೆಡಹುವ ಪೈಕಿಯದಲ್ಲ, ಸೊಂಟಕ್ಕೆ ರಿಬ್ಬನ್ ಸಿಕ್ಕಿಸಿಕೊಂಡು ಆಡುವುದು. ಒಬ್ಬಳು ಮೊಟ್ಟೆಯಾಕಾರದ ಚೆಂಡು ಎಸೆಯುತ್ತಾಳೆ, ಜೊತೆಯವರು ಮುಂದೆ ಓಡಿ ಹಿಡಿಯುತ್ತಾರೆ. ಹಿಡಿದು ಓಡುವವಳ ರಿಬ್ಬನ್ ಕಿತ್ತರೆ ಅಲ್ಲಿಗೇ ಆಟ ನಿಂತಿತು.

ನಮ್ಮ ತಲೆನೋವು ಭಟ್ಕಳದ ತಂಡ. ಅವರ ಎಸೆತಗಾರ್ತಿಯ ಕೈಯಿಂದ ಹೊರಟ ಚೆಂಡು, ಗಿಡುಗ ಮೀನಿಗೆ ಎರಗಿದ ಹಾಗೆ, ನೆಟ್ಟಗೆ ಅವರವರ ಕೈಗೇ ಹೋಗುತ್ತಿತ್ತು. ಹಿಂದಿನ ವರ್ಷ ನಾವು ಸೋತ ಚಂದ ನೋಡಿ ಪ್ರಿನ್ಸಿಪಾಲರು, “ಇನ್ನೊಂದ್ಸಲ ಹೀಗಾದ್ರೆ ಈ ಆಟ ಸಾಕು, ಥ್ರೋಬಾಲ್ ಆಡಿಸಿ” ಎಂದುಬಿಟ್ಟರು. ಹುಡುಗಿಯರು ಬಸ್ಸಿನಲ್ಲಿ ಅತ್ತರು. ಹಾಗಾಗಿ ಈ ಸಲ ನಮ್ಮ ಅಭ್ಯಾಸವೆಲ್ಲ ಆ ಎಸೆತ ತಡೆಯುವುದಕ್ಕೇ.

ಬೆನ್ನು ಬಿಡದವಳು

ಮೊದಲ ಉಪಾಯ, ಎದುರಿನ ಒಬ್ಬೊಬ್ಬಳಿಗೂ ನಮ್ಮದೊಂದು ಕಾವಲು. ಭಟ್ಕಳಕ್ಕೇ ಹೋಗಿ ಒಂದು ಸ್ನೇಹದ ಪಂದ್ಯ ಆಡಿದೆವು. ಮಂಕಿ ಊರಿಂದ ಬರುವ ನಮ್ಮ ಹುಡುಗಿಗೆ, “ನಿನ್ನ ಪಾಲಿನವಳು ಎಲ್ಲಿಗೆ ಹೋದ್ರೂ ಬಿಡಬೇಡ” ಎಂದೆ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅಂಗಳದಲ್ಲಿ ನಮ್ಮವಳೊಬ್ಬಳು ಕಮ್ಮಿ! ಎದುರಿನವಳು ಕಾಲು ಹಿಡಿದುಕೊಂಡಿತೆಂದು ಹೊರಗೆ ಹೋಗಿ ನೆರಳಲ್ಲಿ ಕೂತಿದ್ದಳು. ನಮ್ಮವಳೂ ಪಕ್ಕದಲ್ಲೇ ಕೂತು ಅವಳ ಕಿತ್ತಳೆ ಹಣ್ಣು ತಿನ್ನುತ್ತಿದ್ದಳು.

“ಇಲ್ಲೆಂತ ಮಾಡ್ತಿದ್ದೆ?”

“ಕಾವಲು, ಮೇಡಂ.”

“ಅವಳ ಬದಲಿಗೆ ಬಂದವಳು ಆಗ್ಲೇ ಪಾಯಿಂಟ್ ಹೊಡೆದಾತು!”

“ಅವ್ಳು ನನ್ನ ಪಾಲಿನವಳಲ್ಲ ಮೇಡಂ. ನನ್ನವ್ಳಿಗೆ ಒಂದು ಚೆಂಡೂ ಸಿಕ್ಕಲಿಲ್ಲ, ಬೇಕಾದ್ರೆ ಕೇಳಿ.”

ಭಟ್ಕಳದವಳು ಕಿತ್ತಳೆ ಅಗಿಯುತ್ತಲೇ ಹೌದೆಂದು ತಲೆಯಾಡಿಸಿದಳು.

ಅಂಚಿನ ಗದ್ದೆ

ಎರಡನೆಯ ಉಪಾಯ, ಆಳಿಗೆ ಕಾವಲು ಬೇಡ, ಜಾಗಕ್ಕೆ ಕಾವಲು. ಸುಣ್ಣದ ಗೆರೆ ಎಳೆದು ಒಬ್ಬೊಬ್ಬಳಿಗೆ ಒಂದೊಂದು ಜಾಗ ಪಾಲು ಮಾಡಿಕೊಟ್ಟೆ. “ಇದು ನಿನ್ನ ಗದ್ದೆ. ಇದರೊಳಗೆ ಬಂದ ಚೆಂಡು ನಿನ್ನದು.” ಹೊಳನಗದ್ದೆ ಊರಿನ ಹುಡುಗಿಗೆ ತಕ್ಷಣ ಅರ್ಥವಾಯಿತು, ಅವಳ ಮನೆಯಲ್ಲಿ ಬೇಸಾಯವೇ.

ಅಭ್ಯಾಸದಲ್ಲಿ ನಾನೇ ಒಂದು ಚೆಂಡು ಎತ್ತರಕ್ಕೆ ಎಸೆದೆ. ಅದು ಸರಿಯಾಗಿ ಅವಳ ಮತ್ತು ಮಂಕಿಯವಳ ಗಡಿಯ ಮೇಲೆ ಇಳಿಯತೊಡಗಿತು.

“ನಿನ್ನ ಗದ್ದೆಗೆ ಬಂತು, ಹಿಡಿ!”

“ನಂದಲ್ಲ ಮಾರಾಯ್ತಿ, ನಿಂದೇ!”

ಚೆಂಡು ಇಬ್ಬರ ನಡುವೆ ದೊಪ್ಪೆಂದು ಬಿತ್ತು. ಗದ್ದೆಯ ಅಂಚು ತನ್ನದು ತನ್ನದು ಎಂದು ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದು ಬೇಕಾದಷ್ಟು ನೋಡಿದ್ದೇನೆ. ನಿನ್ನದೇ ಇರಲಿ ಎಂದು ಜಗಳ ಆಡಿದ್ದು ಅದೇ ಮೊದಲು.

ಗುಟ್ಟಿನ ಮಾತು

ಆಮೇಲೆ ನಮ್ಮ ಕ್ಯಾಪ್ಟನ್ ಹೇಳಿದಳು, “ಮೇಡಂ, ಯಾರು ಎಲ್ಲಿ ನಿಲ್ಬೇಕು ಅಂತ ಕೊಂಕಣಿಯಲ್ಲಿ ಕೂಗ್ತೆ. ಅವ್ರಿಗೆ ತಿಳಿಯೂದಿಲ್ಲ.” ಅವಳ ಮನೆಮಾತು ಕೊಂಕಣಿ. ಭಟ್ಕಳದವರ ಜೊತೆ ಇನ್ನೊಂದು ಸ್ನೇಹದ ಪಂದ್ಯದಲ್ಲಿ ಹಾಗೆಯೇ ಕೂಗಿದಳು. ಅವಳು ಎಡಕ್ಕೆ ಎಂದರೆ ಚೆಂಡು ಬಲಕ್ಕೆ, ಬಲಕ್ಕೆ ಎಂದರೆ ಎಡಕ್ಕೆ! ಅವರ ಎಸೆತಗಾರ್ತಿಯ ಮನೆಮಾತು ನವಾಯತಿ, ಅದು ಕೊಂಕಣಿಯ ಅಕ್ಕನೋ ತಂಗಿಯೋ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಪಂದ್ಯ ಮುಗಿದ ಮೇಲೆ ಆ ಹುಡುಗಿ ಬಂದು ಕ್ಯಾಪ್ಟನ್ನಿನ ಕೈ ಕುಲುಕಿದಳು. “ನಿಂದು ಕೊಂಕಣಿ ಬಹಳ ಚಲೋ ಅದೆ. ಸ್ವಲ್ಪ ಗಟ್ಟಿ ಹೇಳಿದ್ರೆ ಹಿಂದೆ ನಿಂತ ನಮ್ಮವ್ರಿಗೂ ಕೇಳ್ತಿತ್ತು.”

ಹೊನ್ನಾವರದ ಕೊನೆಯ ಚೆಂಡು

ಅಂತೂ ನಿಜವಾದ ಪಂದ್ಯ ಬಂತು, ಹೊನ್ನಾವರದಲ್ಲಿ. ಈ ಸಲ ಒಂದೇ ಮಾತು ಹೇಳಿದ್ದೆ: “ಅವಳಿಗೆ ಎಸೆಯಲು ಪುರುಸೊತ್ತೇ ಕೊಡಬೇಡಿ.” ಮಂಕಿಯವಳು ಪ್ರತಿ ಸಲವೂ ನುಗ್ಗಿದಳು, ಎಸೆತಗಾರ್ತಿ ಗಡಿಬಿಡಿಯಲ್ಲಿ ಎಸೆದಳು, ಅರ್ಧಕ್ಕರ್ಧ ಎಸೆತಗಳು ನೆಲಕ್ಕೆ ಬಿದ್ದವು. ಕೊನೆಗೆ ನಾವು ಒಂದೇ ಒಂದು ಪಾಯಿಂಟ್ ಮುಂದೆ, ಅವರದ್ದು ಒಂದೇ ಎಸೆತ ಬಾಕಿ. ಪ್ರಿನ್ಸಿಪಾಲರು ಗಡಿಯ ಗೆರೆಗೇ ಬಂದು ನಿಂತಿದ್ದರು.

ಚೆಂಡು ಮೇಲೆದ್ದಿತು. ಹೊಳನಗದ್ದೆಯ ಹುಡುಗಿ ಹಾರಿ ಅದನ್ನು ಕಸಿದುಕೊಂಡಳು! ಸುಮ್ಮನೆ ಕೂತುಬಿಟ್ಟಿದ್ದರೆ ಗೆದ್ದಿದ್ದೆವು. ಖುಷಿಯಲ್ಲಿ ಅವಳು ಒಂದು ಸುತ್ತು ತಿರುಗಿ, ನಮ್ಮದೇ ಕೊನೆಯ ಗೆರೆಯ ಕಡೆಗೆ ಓಟ ಕಿತ್ತಳು. ಆ ಗೆರೆ ದಾಟಿದ ಮೇಲೆ ಸಿಕ್ಕಿಬಿದ್ದರೆ ಭಟ್ಕಳಕ್ಕೆ ಎರಡು ಪಾಯಿಂಟ್.

“ಆಚೆಗಲ್ಲ, ಈಚೆಗೆ!” ನಾವೆಲ್ಲ ಬೊಬ್ಬೆ ಹೊಡೆದೆವು. ಹುರಿದುಂಬಿಸುತ್ತಿದ್ದಾರೆಂದು ಅವಳು ಇನ್ನೂ ಜೋರಾಗಿ ಓಡಿದಳು. ಬೆನ್ನಟ್ಟಿದವಳು ನಮ್ಮ ಕ್ಯಾಪ್ಟನ್ ಒಬ್ಬಳೇ. ಗೆರೆಗೆ ಎರಡು ಹೆಜ್ಜೆ ಇರುವಾಗ ಅವಳ ಸೊಂಟದ ರಿಬ್ಬನ್ನಿಗೆ ಕೈಹಾಕಿ ಕಿತ್ತೇಬಿಟ್ಟಳು. ರೆಫರಿ ಸೀಟಿ ಊದಿದರು. ರಿಬ್ಬನ್ ಯಾರಿಂದ ಬಿದ್ದರೂ ಬಿದ್ದಂತೆಯೇ. ಆಟ ಮುಗಿಯಿತು, ನಾವು ಗೆದ್ದೆವು!

ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಪ್ರಿನ್ಸಿಪಾಲರು ಹಣೆ ಒರೆಸಿಕೊಂಡು, “ಆತು ಮೇಡಂ, ಇದನ್ನೇ ಆಡಿಸಿ” ಎಂದರು.

ಹೊಳನಗದ್ದೆಯ ಹುಡುಗಿ ಏದುಸಿರು ಬಿಡುತ್ತ ಓಡಿಬಂದಳು, ಮುಖವೆಲ್ಲ ನಗು.

“ಮೇಡಂ, ಈ ಭಟ್ಕಳದವ್ರು ಎಷ್ಟು ಒಳ್ಳೆಯವ್ರು! ನನ್ನ ತಡೀಲೇ ಇಲ್ಲ. ದಾರಿ ಬಿಟ್ಟು ನಿಂತು ಚಪ್ಪಾಳೆ ತಟ್ಟಿದ್ರು!”