ಜೋಳ ನೋಡುವ ಹಲ್ಲು

ನಮ್ಮ ದೊಡ್ಡವ್ವನಿಗೆ ಮೂರು ಕಣ್ಣು. ಮೂರನೆಯದು ಹಣೆಯ ಮೇಲಿಲ್ಲ. ಕೆಳದವಡೆಯ ಬಲಗಡೆ, ದವಡೆ ಹಲ್ಲಿನ ವೇಷದಲ್ಲಿ ಕೂತಿದೆ! ನಂಬದವರು ಸುಗ್ಗಿಯ ಹೊತ್ತಿಗೆ ಸುರಪುರದ ನಮ್ಮ ಓಣಿಗೆ ಬರಬೇಕು. ಹೊಸ ಜೋಳ ಚೀಲಕ್ಕೆ ತುಂಬುವ ಮುಂಚೆ ಜನ ಒಂದು ಹಿಡಿ ತಂದು ಅವಳ ಮುಂದೆ ಹಿಡಿಯುತ್ತಾರೆ. ಅವಳು ಒಂದು ಕಾಳನ್ನು ಆ ಹಲ್ಲಿಗೆ ಕೊಟ್ಟು, ಕಣ್ಣು ಮುಚ್ಚಿ ಕಡಿದು, ತೀರ್ಪು ಹೇಳುತ್ತಾಳೆ: “ಇನ್ನಾ ಎರಡ ಬಿಸಿಲ ಬೇಕು.”

ಒಮ್ಮೆ ಪಕ್ಕದ ಮನೆಯ ಚಾಚಾ ತಮಾಷೆಗೆ, “ಅಕ್ಕಾ, ಕಾಳಿನ ಹಸಿ ನೋಡಾಕ ಬಜಾರದಾಗ ಮಷೀನ ಬಂದದ” ಎಂದರು.

“ನಿನ್ನ ಮಷೀನು ಒಂದ ದಿನಾರ ರೊಟ್ಟಿ ತಿಂದದೇನು?”

ಚಾಚಾ ನಗುತ್ತ ಜೋಳವನ್ನು ಮತ್ತೆ ಮಾಳಿಗೆಯ ಮೇಲೆ ಹರವಿದರು. ಆ ವರ್ಷ ಅವರ ಜೋಳಕ್ಕೆ ಹುಳ ಬೀಳಲಿಲ್ಲ ಎಂದು ನನ್ನ ಡೈರಿಯಲ್ಲಿದೆ. ಆದರೆ ಆ ಸಾಲನ್ನು ಹೇಳಿ ಬರೆಸಿದವಳೂ ದೊಡ್ಡವ್ವನೇ!

ಇಂಥ ಹಲ್ಲಿಗೆ ಈ ಸುಗ್ಗಿಯಲ್ಲಿ ನೋವು ಬಂತು. ಕಾಳಿನ ಜೊತೆ ಹರಳು ಕಡಿದೆ ಎನ್ನುವುದು ಅವಳ ಹೇಳಿಕೆ. ಎಂಟು ದಿನ ಲವಂಗ ಒತ್ತಿಕೊಂಡು ಕೂತಳು. ನಾಲ್ಕೇ ದಿನ ಇದ್ದೀತು; ನರಳಾಟ ಕೇಳಿದ ನಮಗೆ ಮಾತ್ರ ಎಂಟು. ಗಲ್ಲ ಊದಿಕೊಂಡಾಗ ಶಹಾಪುರದ ಬಸ್ಸು ಹತ್ತಿಸಿದೆ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸರೇ ನೋಡಿ, “ಹುಳುಕು ಹಳೇದದ ರೀ ಅವ್ವಾ. ಆದ್ರ ಹಲ್ಲ ಕೀಳಂಗಿಲ್ಲ. ಒಳಗಿನ ಕೊಳತ ನರ ತೆಗದು, ಸ್ವಚ್ಛ ಮಾಡಿ ತುಂಬತೀನಿ. ರೂಟ್ ಕೆನಾಲ್ ಅಂತಾರ. ಸೂಜಿ ಕೊಟ್ಟ ಮ್ಯಾಲ ನೋವ ಆಗಂಗಿಲ್ಲ” ಎಂದರು.

ದೊಡ್ಡವ್ವ ಕುರ್ಚಿಯಿಂದ ಎದ್ದೇಬಿಟ್ಟಳು. “ನರಾನ ತೆಗದ್ರ ಹಲ್ಲಿಗಿ ಬುದ್ಧಿ ಎಲ್ಲಿ ಉಳೀತದ?”

ನಾನು ನಕ್ಕೆ. ಡಾಕ್ಟರು ನಗಲಿಲ್ಲ, ಯಾಕೆ ಹಾಗಂತಾರೆಂದು ಕೇಳಿದರು. ನಾನು ಜೋಳದ ಕಥೆ ಹೇಳಿದೆ.

“ಬಿಸಿ, ತಂಪು ಆ ಹಲ್ಲಿಗಿ ತಿಳಿಯಂಗಿಲ್ರಿ. ಗಟ್ಟಿ ಅದನೋ ಮೆತ್ತಗ ಅದನೋ ಅನ್ನೋದು ಹಲ್ಲಿನ ಸುತ್ತಲಿನ ನರಕ್ಕ ತಿಳೀತದ. ಅದನ್ನ ನಾ ಮುಟ್ಟಂಗಿಲ್ಲ.”

“ಬರಕೋ ತಂಗಿ,” ಎಂದು ದೊಡ್ಡವ್ವ ನನಗೆ ಹುಕುಂ ಮಾಡಿ, ಬಾಯಿ ತೆರೆದಳು.

ಮರುದಿನಕ್ಕೆ ನೋವು ಮಾಯ! ಮುಂದಿನ ವಾರ ಹೋಗೋಣವೆಂದರೆ, “ನೋವೇ ಇಲ್ಲ, ಸುಮ್ಮ ಬಸ್ಸಿನ್ಯಾಗ ಕುಂದರಾಕ ಹೋಗಬೇಕೇನು?” ಎಂದಳು. ಈಗ ತುಂಬಿದ್ದು ತಾತ್ಕಾಲಿಕ, ನೋವು ಹೋದರೆ ರೋಗ ಹೋದಂತಲ್ಲ, ಅರ್ಧಕ್ಕೆ ಬಿಟ್ಟರೆ ಒಳಗೆ ಮತ್ತೆ ಕೀವಾಗುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಾನು ನಾಲ್ಕು ಸಲ ಹೇಳಿದೆ. ಯಾರು ಕೇಳಬೇಕು?

ಅಷ್ಟರಲ್ಲಿ ಚಾಚಾ ಜೋಳ ತಂದರು. “ಇಟ್ಟ ಹೋಗು, ಆಮ್ಯಾಲ ನೋಡ್ತೀನಿ” ಎಂದಳು ದೊಡ್ಡವ್ವ. ಜೋಳವನ್ನು ಕಾಯಿಸುವುದೇ? ಅವಳೇ? ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಂಗೈಯಲ್ಲಿ ಒಂದು ಕಾಳು ಇಟ್ಟುಕೊಂಡು ಸುಮ್ಮನೆ ಕೂತಿದ್ದಳು.

“ಕಡದಾಗ ಗೊತ್ತಾಗದಿದ್ರ?” ಎಂದಳು, ನನ್ನ ಕಡೆ ನೋಡದೆ. ಬಸ್ಸಿನ ನೆಪ ಆಗ ಅರ್ಥವಾಯಿತು. ಚಿಕಿತ್ಸೆ ಮುಗಿಯುವತನಕ ಆ ಹಲ್ಲಿನಿಂದ ಗಟ್ಟಿ ಕಡಿಯಬಾರದೆಂದು ಡಾಕ್ಟರು ಹೇಳಿದ್ದು ಅವಳಿಗೆ ಅನುಕೂಲವೇ ಆಗಿತ್ತು. ಕಡಿಯದಿದ್ದರೆ, ಹಲ್ಲಿನ ಬುದ್ಧಿ ಹೋಗಿದೆಯೆಂದು ತಿಳಿಯುವ ಭಯವೂ ಇಲ್ಲ.

ನಾನು ಕಾಳು ತೆಗೆದುಕೊಂಡು ಕಡಿದೆ.

“ಏನಂತು?”

“ಕಟ್ ಅಂತು.”

“ಕಟ್ ಅಂತೋ, ಕಟಕ್ ಅಂತೋ?”

ತಿಳಿಯಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸಿರಲಿಲ್ಲ!

“ನಡಿ, ಶಹಾಪುರಕ್ಕ ಹೋಗಮು. ನಿನ್ನ ಹಲ್ಲ ನಂಬಿದ್ರ ಓಣಿ ಜೋಳಕ್ಕೆಲ್ಲ ಹುಳ ಬೀಳತಾವ!”

ಹೀಗೆ ಚಿಕಿತ್ಸೆ ಮುಂದುವರಿಯಿತು. ಹಲ್ಲಿನ ಮೇಲೆ ಟೋಪಿ, ಅಂದರೆ ಡಾಕ್ಟರ ಭಾಷೆಯ ಕ್ಯಾಪು, ಹಾಕುವತನಕ ಕಡಕ್ ರೊಟ್ಟಿಗೆ ನಿಷೇಧ. ಒಂದು ಮಧ್ಯಾಹ್ನ ತಾಟಿನ ಮುಂದೆ ಮುಖ ಊದಿಸಿಕೊಂಡು ಕೂತವಳನ್ನು ರೇಗಿಸಿದೆ: “ನಾ ಅಗದು ಕೊಡ್ಲೇನು?”

“ಥೂ! ನಿನ್ನ ಎಂಜಲ ಯಾರ ತಿಂತಾರ!” ಎಂದವಳು, ಹಾಲಲ್ಲಿ ರೊಟ್ಟಿ ನೆನೆಸುತ್ತ ಸಣ್ಣಗೆ ನಕ್ಕಳು. “ನೀ ತಿಂದಿ ನೋಡು. ನಿಮ್ಮವ್ವ ಸಾಲಿಗಿ ಪಾಠ ಹೇಳಾಕ ಹೋದ್ರ, ನಾ ಇದೇ ಹಲ್ಲಿಲೆ ರೊಟ್ಟಿ ಅಗದು ನಿನ್ನ ಬಾಯಾಗ ಇಡತಿದ್ದೆ. ನಿನಗ ಹಲ್ಲ ಬರೂತನಕ ನನ್ನ ಹಲ್ಲಿಲೆ ಉಂಡಿ.”

ನನಗೆ ನೆನಪಿಲ್ಲ. ಇರಲು ಸಾಧ್ಯವೂ ಇಲ್ಲ. ಸಾಕ್ಷಿ ಹೇಳಬಹುದಾಗಿದ್ದ ನರವನ್ನು ಶಹಾಪುರದಲ್ಲಿ ಬಿಸಾಕಿ ಬಂದಿದ್ದೆವು. ಕನಸಿನಲ್ಲಿ ಕಂಡದ್ದನ್ನೂ ನೆನಪೆಂದು ಬರೆದಿಟ್ಟು ಆಮೇಲೆ ಹೊಡೆದುಹಾಕುವವಳು ನಾನು. ಆದರೂ ಆ ದಿನ ಹೆಚ್ಚು ಪ್ರಶ್ನೆ ಕೇಳಲಿಲ್ಲ.

ಟೋಪಿ ಕೂಡಿಸಿಕೊಂಡು, ಒಂದು ವಾರ ಬಿಟ್ಟು, ಚಾಚಾ ತಂದ ಹೊಸ ಹಿಡಿಯಿಂದ ದೊಡ್ಡವ್ವ ಒಂದು ಕಾಳು ಆರಿಸಿದಳು. ಕಣ್ಣು ಮುಚ್ಚಿದಳು. ಕಡಿದಳು. ಹೋಳನ್ನು ನಾಲಿಗೆಯ ಮೇಲೆ ಹೊರಳಿಸಿದಳು. ನಾನೂ ಚಾಚಾನೂ ಅವಳ ಬಾಯನ್ನೇ ನೋಡುತ್ತ ನಿಂತೆವು.

“ಒಂದ ಬಿಸಿಲ ಕಡಿಮಿ ಅದ.”

“ಹೌದ್ರೀ ಅಕ್ಕಾ!” ಎಂದರು ಚಾಚಾ. “ನಿನ್ನಿ ಮೋಡ ಕವದಿತ್ತು, ಹರವಲೇ ಇಲ್ಲ.”

ದೊಡ್ಡವ್ವ ಕಣ್ಣು ತೆರೆದಳು. ರೆಪ್ಪೆ ಒದ್ದೆಯಾಗಿತ್ತೋ, ನನಗೆ ಹಾಗೆ ಕಂಡಿತೋ ಹೇಳಲಾರೆ. ಬಾಯಿಂದ ಕಾಳಿನ ಅರ್ಧ ಹೋಳು ತೆಗೆದು ನನ್ನ ತುಟಿಯ ಹತ್ತಿರ ಹಿಡಿದಳು.

“ತಗೋ, ಕಡದ ನೋಡು. ಒಂದ ಬಿಸಿಲ ಕಡಿಮಿ ಅಂದ್ರ ಹಿಂಗ ಇರತದ.”

ನಾನು ಬಾಯಿ ತೆರೆದೆ.