ಹುಣಸೆಹುಳಿ ತಿನ್ನುವ ನಳ

ವಿಜಾಪುರದಲ್ಲಿ ವಾರಕ್ಕೊಮ್ಮೆ ಹುಣಸೆಹುಳಿ ತಿನ್ನುವ ನಳ ಇದ್ದದ್ದು ಒಂದೇ ಮನೆಯಲ್ಲಿ. ಅದು ನನ್ನ ಸೋದರಮಾವನ ಮನೆ. ನಗಬೇಡಿ! ಆ ಮನೆಯಲ್ಲಿ ನನ್ನ ಊಟ ತಪ್ಪಿದ ದಿನಗಳಿವೆ, ಸೋಮವಾರ ನಳಕ್ಕೆ ಹುಳಿ ತಪ್ಪಿದ್ದಿಲ್ಲ.

ಎರಡನೆಯ ಮಹಾಯುದ್ಧದ ದಿನಗಳವು. ನನಗೆ ಹೊಸದಾಗಿ ಮಾಸ್ತರಿಕೆ ಸಿಕ್ಕಿತ್ತು, ಮಾವನ ಮನೆಯಲ್ಲೇ ಬಿಡಾರ ಹೂಡಿದ್ದೆ. ಹಿತ್ತಲಲ್ಲಿ ಬಾವಿ. ಬಾವಿಯಲ್ಲಿ ನೀರೂ ಇತ್ತು, ಆದರೆ ಅದನ್ನು ನೀರು ಎನ್ನಲು ಧೈರ್ಯ ಬೇಕು. ಸವಳು ಎಂದರೆ ಎಂಥ ಸವಳು! ಸಾಬೂನು ಸವೆದೀತೇ ಹೊರತು ನೊರೆ ಏಳದು. ಬೆಳಿಗ್ಗೆ ಒಲೆಯೇರಿದ ತೊಗರಿಬೇಳೆ ಸಂಜೆಯಾದರೂ ಹಟ ಬಿಡದು. ಹಂಡೆಯ ತಳ ಕೆರೆದರೆ ಗೋಡೆಗೆ ಬಳಿಯುವಷ್ಟು ಸುಣ್ಣ ಸಿಗುತ್ತಿತ್ತು.

ಆ ಬಾವಿಕಟ್ಟೆಯ ಮೇಲೆಯೇ ಅತ್ತೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೂಳೆಯೇನೋ ಕೂಡಿತು, ಆದರೆ ಸೊಟ್ಟಗೆ. ಹಗ್ಗ ಜಗ್ಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಳಿಡುವ ಅನುಕೂಲವಿರಲಿಲ್ಲ. ಮಾವನೇ ಸೇದಿಕೊಡಬಹುದಿತ್ತಲ್ಲ ಎನ್ನುತ್ತೀರಾ? ಹೋದ. ಅತ್ತೆ ಅವನ ಕೈಯಿಂದ ಹಗ್ಗ ಕಸಿದುಕೊಂಡಳು.

"ಗಂಡ ನೀರು ಸೇದೂದು, ಹೇಂತಿ ಕೂತು ತುಂಬ್ಕೊಳ್ಳೂದು! ಓಣ್ಯಾಗ ನಾ ಹೆಂಗ ಮಾರಿ ತೋರಸ್ಲಿರಿ?"

ಮರುದಿನ ಮಾವ ಸೊಲ್ಲಾಪುರ ರಸ್ತೆಯ ಗುಜರಿ ಅಂಗಡಿಯಿಂದ ಹಳೆಯ ಪೈಪು, ಒಂದು ಹಿತ್ತಾಳೆ ನಳ ಹೊತ್ತು ತಂದ. ಮಾಳಿಗೆಯ ಮೇಲೆ ಪೀಪಾಯಿ ಕೂಡಿಸಿದ. ಪೈಪು ಅಲ್ಲಿಂದ ಗೋಡೆಗುಂಟ ಇಳಿದು, ಬಚ್ಚಲುಮನೆಯ ಗೋಡೆ ತೂರಿ, ಒಳಗೆ ನಳವಾಯಿತು. ದಿನಾ ಬೆಳಿಗ್ಗೆ ಮಾವ ಮೂವತ್ತು ಕೊಡ ಸೇದಿ, ಒಂದೊಂದನ್ನೂ ಹೆಗಲಿಗೇರಿಸಿ, ಮೆಟ್ಟಿಲು ಹತ್ತಿ ಪೀಪಾಯಿಗೆ ಸುರಿಯುತ್ತಿದ್ದ.

"ಮಾವಾ, ಬಾವಿ ಬಚ್ಚಲದ ಬಾಜೂಕ ಐತಿ. ನೀರು ಮ್ಯಾಲ ಹತ್ತಿಸಿ ಮತ್ತ ಕೆಳಗ ಯಾಕ ಇಳಸ್ತೀರಿ?"

"ಲೇ ಮಾಸ್ತರಾ, ಸೇದಿ ಕೊಟ್ರ ಅದು ಗಂಡನ ನೀರು. ನಳದಾಗ ಬಂದ್ರ ನಳದ ನೀರು. ನಿಮ್ಮ ಸಾಲ್ಯಾಗ ಇಷ್ಟೂ ಕಲಸೂದಿಲ್ಲೇನು?"

ಅತ್ತೆಯೂ ಒಪ್ಪಿದಳಲ್ಲ! ನಳಕ್ಕೆ ಅರಿಸಿನ ಕುಂಕುಮ ಹಚ್ಚಿ, ಎಡಗೈಯಿಂದ ತಿರುವಿ, ಬಿದ್ದ ಧಾರೆಗೆ ಕೈ ಮುಗಿದಳು.

ಆದರೆ ಸವಳು ಸುಮ್ಮನಿದ್ದೀತೇ? ತಿಂಗಳೊಪ್ಪತ್ತಿನಲ್ಲಿ ನಳದ ಬಾಯಿಗೆ ಬಿಳಿ ಮೀಸೆ ಬಂತು. ಧಾರೆ ಹೋಗಿ ಹನಿಯಾಯಿತು, ಹನಿ ಹೋಗಿ ಬರೀ ಸಿಳ್ಳೆಯಾಯಿತು. ಸುಣ್ಣಕ್ಕೆ ಹುಳಿಯೇ ಮದ್ದು ಎಂದು ತಿಕೋಟಾದ ಕಂಚುಗಾರನೊಬ್ಬ ಹೇಳಿದ. ಅಲ್ಲಿಂದ ಶುರುವಾಯಿತು ಸೋಮವಾರದ ವ್ರತ! ಮಾವ ನೆನೆಸಿದ ಹುಳಿಯನ್ನು ಅರಿವೆಯಲ್ಲಿ ಕಟ್ಟಿ, ಹಲ್ಲುನೋವಿಗೆ ಲವಂಗ ಇಟ್ಟಂತೆ ನಳದ ಬಾಯಿಗೆ ತುರುಕುತ್ತಿದ್ದ. ನಳ ಬಂಗಾರದ ಹಾಗೆ ಹೊಳೆಯಿತು. ನಮ್ಮ ಸಾರಿನಿಂದ ಮಾತ್ರ ಹುಳಿ ಮಾಯವಾಯಿತು.

ಒಮ್ಮೆ ಮಾವ ಮಗಳನ್ನು ಕೊಟ್ಟಿದ್ದ ಕಾಖಂಡಕಿಯಿಂದ ಬೀಗರು ಬಂದರು, ನಳ ನೋಡಲೆಂದೇ. ಹಿಂದಿನ ದಿನ ಪೈಪಿನ ಹೊಟ್ಟೆ ತೊಳೆಯಲು ಪೀಪಾಯಿಯೊಳಗೇ ಎರಡು ಸೇರು ಹುಳಿ ಕಿವುಚಿದ್ದು ಮಾವನಿಗೆ ಮರೆತೇ ಹೋಗಿತ್ತು. ಬೀಗರು ಧೋತರ ಮೇಲೆ ಕಟ್ಟಿ, ನಳ ತಿರುವಿ, ಬೊಗಸೆ ತುಂಬಿ ಬಾಯಿ ಮುಕ್ಕಳಿಸಿದರು. ಕಣ್ಣು ಅರಳಿತು.

"ಯಪ್ಪಾ! ನಿಮ್ಮ ನಳದಾಗ ಸಾರು ಬರಾಕತ್ತೈತಲ್ರಿ!"

"ಹೌದ್ರಿ," ಎಂದಳು ಅತ್ತೆ ಅಡುಗೆಮನೆಯಿಂದ. "ಒಲಿ ಮ್ಯಾಲಿನ ಸಾರಿನ್ಯಾಗ ಬರೇ ನೀರು ಐತಿ. ಊಟಕ್ಕ ಏಳ್ರಿ."

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ನಳ ಒಂದು ದಿನ ಪೂರಾ ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಪೈಪಿನೊಳಗೆ ಸುಣ್ಣ ಕಲ್ಲಾಗಿತ್ತು. ಸೂಜಿ ತೂರಲೂ ಜಾಗವಿರಲಿಲ್ಲ. ಸ್ಟೇಷನ್ ರಸ್ತೆಯ ಅಂಗಡಿ ಅಂಗಡಿ ತಿರುಗಿದೆವು. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗುವ ಕಾಲದಲ್ಲಿ ನಮಗೆ ಪೈಪು ಕೊಡುವವರು ಯಾರು? ಆ ಸಂಜೆ ಮಾವ ರೊಟ್ಟಿ ಮುರಿದು ಹಾಗೇ ಕುಳಿತ. ಅತ್ತೆ ಬಲಗೈಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದಳು. ನಾಳೆ ಹಗ್ಗ ಹಿಡಿಯುವ ತಯಾರಿ ಅದು. ನನಗೆ ನೋಡಲಾಗಲಿಲ್ಲ.

ಬೆಳಿಗ್ಗೆ ಎದ್ದರೆ ಬಚ್ಚಲಲ್ಲಿ ನಳದ ಸದ್ದು! ಇದೇನು ಪವಾಡ ಎಂದು ಗೋಡೆಯ ಹಿಂದಕ್ಕೆ ಓಡಿದೆ. ಗೋಡೆಯಲ್ಲಿ ಉಳಿದಿದ್ದ ಮೊಳದುದ್ದದ ಪೈಪಿನ ತುಂಡನ್ನು ಮಾವ ಸಲಾಕೆಯಿಂದ ಕೊರೆದು, ಅದರ ಬಾಯಿಗೆ ಚಿಮಣಿ ಎಣ್ಣೆ ಹಾಕುವ ಲಾಳಿಕೆ ಸಿಕ್ಕಿಸಿ, ಕೊಡದಿಂದ ನೀರು ಸುರಿಯುತ್ತಿದ್ದ. ನನ್ನನ್ನು ಕಂಡವನೇ ಹುಬ್ಬಿನಲ್ಲೇ 'ಸುಮ್ಮನಿರು' ಎಂದ. ಅವನ ಏದುಸಿರು ಓಣಿಯ ಆ ಕೊನೆಗೂ ಕೇಳುವಂತಿತ್ತು.

ಒಳಗಿನಿಂದ ಯಾರೋ ತಿರುವಿದಂತೆ ನಳ ನಿಂತಿತು. ಹಂಡೆ ಇನ್ನೂ ಅರ್ಧ ತುಂಬಿರಲಾರದು. ಗೋಡೆಯಾಚೆಯಿಂದ ಅತ್ತೆಯ ದನಿ ಮೆಲ್ಲಗೆ ಬಂತು:

"ಸಾಕ್ರಿ, ಇನ್ನ ತುಸು ಕುಂದರ್ರಿ. ನಳಕ್ಕ ದಮ್ಮು ಹತ್ತೇತಿ."

ಮಾವ ಕೊಡ ಕೆಳಗಿಟ್ಟು, ಗೋಡೆಗೆ ಬೆನ್ನು ಆನಿಸಿ ಕುಳಿತ.

"ಹೂಂ," ಎಂದಿತು ನಳ.