ಮೂವರು ಜೂಲಿಯಾಗಳು, ಒಂದು ಮುಷ್ಟಿ ಹುಣಸೆಹುಳಿ

ಹೆಂಗಸರ ಮುಖ ನೆನಪಿಡುವುದರಲ್ಲಿ ನಾನು ಶತದಡ್ಡ. ಮದುವೆಯಾದ ಹೊಸತರಲ್ಲಿ ಹೆಂಡತಿ ಲಿಲ್ಲಿಯ ಅಕ್ಕನನ್ನೇ ಅತ್ತೆಯೆಂದು ತಿಳಿದು ಕೈಮುಗಿದು ಆಶೀರ್ವಾದ ಕೇಳಿದವನು. ಆಕೆ ಇಂದಿಗೂ ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ. ಇಂಥವನ ಕೈಗೆ, ಸೌದಿಯ ಜಿದ್ದಾ ನಗರದಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರು ಒಂದು ಗುರುವಾರ ಮೂರು ಹಳೆಯ ತಾಮ್ರದ ನಾಣ್ಯ ಕೊಟ್ಟರು. ಅವರು ಸಿರಿಯಾದವರು. ಹಿಂದೆ ರೋಮಿನ ಕೈಕೆಳಗಿದ್ದ ಅವರ ಸೀಮೆಯ ಊರುಗಳಲ್ಲಿ ಅಚ್ಚಾದ ನಾಣ್ಯಗಳಂತೆ. ಒಂದೊಂದರ ಮೇಲೂ ಒಬ್ಬೊಬ್ಬ ರಾಣಿ. ಅಕ್ಕ, ತಂಗಿ, ಅಕ್ಕನ ಮಗಳು. ಮೂವರ ಹೆಸರೂ ಜೂಲಿಯಾ! ಹೆಸರು ಬರೆದ ಬೇರೆ ಬೇರೆ ಲಕೋಟೆಯಲ್ಲಿದ್ದ ಅವಕ್ಕೆ ನಾನು ಚೀಟಿ ಟೈಪ್ ಮಾಡಿ ಶನಿವಾರ ಒಪ್ಪಿಸಬೇಕಿತ್ತು. ಅದೇ ಶನಿವಾರ ಅವರು ನನ್ನ ರಜೆಯ ಅರ್ಜಿಗೆ ಸಹಿ ಹಾಕುವವರಿದ್ದರು. ಎರಡು ವರ್ಷದಿಂದ ನಾನು ಮಂಗಳೂರು ಕಂಡಿರಲಿಲ್ಲ.

ನಾಣ್ಯಗಳನ್ನು ಆಫೀಸಿನಲ್ಲೇ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಜಂಬ ಕೇಳಬೇಕಲ್ಲ! ಲಿಲ್ಲಿಗೆ ತೋರಿಸಲೆಂದು ಅಜೀಜಿಯಾ ಬಡಾವಣೆಯ ಮನೆಗೆ ತಂದು, ಲಕೋಟೆಯಿಂದ ತೆಗೆದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ರಾಣಿಯರು ಅಡುಗೆಮನೆಯಲ್ಲಿ ಫಳಫಳ ಹೊಳೆಯುತ್ತಿದ್ದಾರೆ.

"ಎಂತ ಕಿಲುಬು ಮಾರಾಯ್ರೆ! ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದೆ," ಎಂದಳು ಲಿಲ್ಲಿ.

ಹಳೆಯ ನಾಣ್ಯಕ್ಕೆ ಬೆಲೆ ತರುವ ಶತಮಾನಗಳ ಹಸಿರು ಸಿಂಕಿನಲ್ಲಿ ಹರಿದುಹೋಗಿತ್ತು. ಯಾವ ಲಕೋಟೆಯಲ್ಲಿ ಯಾರಿದ್ದರು? ಅಕ್ಷರಗಳೋ ಗ್ರೀಕ್. ಒಮ್ಮೆ ಅಕ್ಕನೆನಿಸಿದವಳು ಕನ್ನಡಕ ಒರೆಸಿಕೊಂಡು ನೋಡಿದರೆ ಮಗಳಾಗುತ್ತಿದ್ದಳು. ಅಯ್ಯೋ ದೇವರೇ, ನನಗೆ ತಲೆಬುಡ ಒಂದೂ ತಿಳಿಯಲಿಲ್ಲ.

"ಇದರಲ್ಲಿ ಗೊತ್ತಾಗದ್ದು ಎಂತ ಉಂಟು? ಇಷ್ಟು ದಪ್ಪ ಕೂದಲು ಬಾಚಿಕೊಂಡವಳು ತಂಗಿ, ಅವಳ ಠೀವಿ ನೋಡಿ. ಈ ಗಂಟುಮುಖದವಳು ಅಕ್ಕ. ಇವಳಿಗೆ ಅದೇ ಮೂಗು, ಹಾಗಾಗಿ ಮಗಳು," ಎಂದಳು ಲಿಲ್ಲಿ. ಬೇರೆ ದಾರಿಯಿಲ್ಲದೆ ಹಾಗೆಯೇ ಲಕೋಟೆಗೆ ತುಂಬಿದೆ.

ಶನಿವಾರ ಲಕೋಟೆ ತೆರೆದ ಮ್ಯಾನೇಜರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, "ಯಾರು ತೊಳೆದದ್ದು?" ಎಂದರು.

"ನನ್ನ ಹೆಂಡತಿ," ಎಂದೆ, ಒಂದು ಕ್ಷಣವೂ ತಡಮಾಡದೆ.

ಅವರು ನಿಟ್ಟುಸಿರು ಬಿಟ್ಟರು. ಅವರ ಹೆಂಡತಿಯೂ ಒಂದನ್ನು ನಿಂಬೆಹಣ್ಣು ಹಾಕಿ ತಿಕ್ಕಿದ್ದರಂತೆ. ಅದಕ್ಕೇ ಉಳಿದವನ್ನು ಆಫೀಸಿನಲ್ಲಿ ಅಡಗಿಸಿಟ್ಟಿದ್ದರಂತೆ. ಪುಣ್ಯಾತ್ಮ, ಅರ್ಜಿಗೆ ಸಹಿ ಹಾಕಿದರು. ಆಮೇಲೆ, "ತೊಳೆದ ಮೇಲೂ ಮೂವರನ್ನೂ ಸರಿಯಾಗಿ ಗುರುತಿಸಿದ್ದು ಯಾರು?" ಎಂದು ಕೇಳಿದರು.

"ನಾನೇ ಸರ್."

ಖುಷಿಯಾಗಿ ಅವರು ತಮಗೇ ಗುರುತು ಸಿಗದ ಇನ್ನೂ ಹನ್ನೊಂದು ರಾಣಿಯರ ಡಬ್ಬಿಯನ್ನೂ ಹೆಸರುಗಳ ಪಟ್ಟಿಯನ್ನೂ ನನ್ನ ಕೈಗಿತ್ತರು. ರಜೆಗೆ ಹೊರಡುವ ಮುಂಚೆ ಯಾರು ಯಾರೆಂದು ಹೇಳಬೇಕಂತೆ.

ಮನೆಗೆ ಬಂದು ಹೇಳಿದ್ದನ್ನೆಲ್ಲ ಲಿಲ್ಲಿ ಕೇಳಿಸಿಕೊಂಡಳು. "ಅಂದರೆ ತಿಕ್ಕಿದ್ದು ನಾನು, ಗುರುತು ಹಿಡಿದದ್ದು ನೀವು. ಅಲ್ಲವಾ?" ಎಂದು ಡಬ್ಬಿಯನ್ನು ನನ್ನತ್ತ ತಳ್ಳಿದಳು.

ಮರುದಿನದಿಂದ ಮನೆಯ ಪಾತ್ರೆಗಳನ್ನೆಲ್ಲ ನಾನು ತಿಕ್ಕಿದೆ. ಅವು ಹೊಳೆದದ್ದನ್ನು ನೋಡಿಕೊಂಡು, ಅವಳು ದಿನಕ್ಕೊಬ್ಬ ರಾಣಿಯ ಹೆಸರು ಹೇಳಿದಳು.